ಹಾಸನದ ಡಯಾಲಿಸಿಸ್ ಸೆಂಟರ್: ಐರನ್ ಇಂಜೆಕ್ಷನ್ ಕೊಡೋ ರೀತಿಗೇ 4 ಸ್ಟಾರ್

ವಾರಕ್ಕೆ ಮೂರು ಸಲ ಅಮ್ಮನ್ನ ಬೇಲೂರಿಂದ ಹಾಸನಕ್ಕೆ ಕರ್ಕೊಂಡು ಬರ್ತೀನಿ, ಹತ್ರ ಹತ್ರ 40 ಕಿಲೋಮೀಟರು, ಬೆಳಗ್ಗೆ ಮೊದಲನೇ ಬಸ್ ಹತ್ತಿದ್ರೆ ಫಸ್ಟ್ ಶಿಫ್ಟಿಗೆ ಸರಿಹೋಗುತ್ತೆ. ಸೆಂಟರ್ ದೊಡ್ಡದೇನಲ್ಲ, ನೀಟಾಗಿದೆ, ಎಸಿ ಚಳಿ ಜಾಸ್ತಿ, ಕಂಬಳಿ ತಗೊಂಡೇ ಹೋಗಿ.

ನಾನು ಇಷ್ಟು ಕೂತು ಬರೀತಿರೋದು ಐರನ್ ಇಂಜೆಕ್ಷನ್ ವಿಷ್ಯಕ್ಕೆ. ಮುಂಚೆ ಬೇರೆ ಕಡೆ ಹೋಗ್ತಿದ್ವಿ, ಅಲ್ಲಿ ಹಿಮೋಗ್ಲೋಬಿನ್ ಕಮ್ಮಿ ಅಂದ್ರೆ ಸಾಕು, ಒಂದು ಟೆಸ್ಟೂ ಇಲ್ದೆ ವಾರ ವಾರ ಐರನ್ ಏರಿಸೋರು, ಒಂದ್ಸಲ ಅರ್ಜೆಂಟಲ್ಲಿ ಜೋರಾಗಿ ಬಿಟ್ಟು ಅಮ್ಮನಿಗೆ ಬಿಪಿ ಬಿದ್ದು ವಾಂತಿ ಆಗಿ ನಾನು ಕೈಕಾಲು ತಿಕ್ಕುತ್ತಾ ಕೂತಿದ್ದೆ. ಇಲ್ಲಿ ಫೆರಿಟಿನ್ (ಮೈಯಲ್ಲಿ ಕೂಡಿಟ್ಟಿರೋ ಕಬ್ಬಿಣ ಎಷ್ಟು ಅಂತ ತೋರಿಸೋದು), ಟಿಸ್ಯಾಟ್ (ರಕ್ತದಲ್ಲಿ ಬಳಕೆಗೆ ಸಿಗೋ ಕಬ್ಬಿಣ ಎಷ್ಟು ಅಂತ ತೋರಿಸೋದು) ರಿಪೋರ್ಟ್ ನೋಡ್ದೆ ಆ ಇಂಜೆಕ್ಷನ್ ಮುಟ್ಟೋದೇ ಇಲ್ಲ. ಹೋದ ತಿಂಗಳು ಅಮ್ಮನಿಗೆ ಜ್ವರ ಬಂದಿತ್ತು, ಇನ್ಫೆಕ್ಷನ್ ಇದ್ದಾಗ ಬೇಡ ಅಂತ ಅವರೇ ನಿಲ್ಸಿದ್ರು.

ಸಿಸ್ಟರ್ ಆಂಪ್ಯೂಲ್ ತೋರಿಸಿದ್ರು. 5 ಎಂಎಲ್, 100 ಮಿಲಿಗ್ರಾಂ, ಒಳಗೆ ಗಟ್ಟಿ ಡಿಕಾಕ್ಷನ್ ಥರ ಕಂದು ಬಣ್ಣ. 100 ಎಂಎಲ್ ಸಲೈನಿಗೆ ಬಿಟ್ಟಾಗ ಅದು ನೂಲಿನ ಹಾಗೆ ಇಳಿದು ಆಮೇಲೆ ಪೂರ್ತಿ ಹರಡ್ತು. "ಅಮ್ಮಾ, ಇದು ಉಪ್ಪು ಕರಗಿದ ಹಾಗಲ್ಲ, ಕಬ್ಬಿಣದ ಸಣ್ಣ ಸಣ್ಣ ಕಣ, ಸುತ್ತ ಸಕ್ಕರೆ ಕೋಟಿಂಗ್, ನ್ಯಾನೋ ಅಂತಾರಲ್ಲ ಅದೇ. ನಿಧಾನಕ್ಕೇ ಬಿಡ್ಬೇಕು, ಇಲ್ದಿದ್ರೆ ಬಿಡಿ ಕಬ್ಬಿಣ ರಕ್ತಕ್ಕೆ ಸೇರಿ ಬಿಪಿ ಇಳಿಯುತ್ತೆ" ಅಂದ್ರು. ಮಾತ್ರೆ ಯಾಕೆ ಸಾಲಲ್ಲ ಅಂತ ಕೇಳಿದ್ದಕ್ಕೆ, ಕಿಡ್ನಿ ಕಾಯಿಲೇಲಿ ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಜಾಸ್ತಿಯಾಗಿ ಕರುಳು ಕಬ್ಬಿಣನ ಒಳಗೆ ಬಿಡಲ್ಲ ಅಂತ ಡಾಕ್ಟರ್ ಹೇಳಿದ್ರು.

ಡಾಕ್ಟರ್ ಹತ್ರ ಇನ್ನೂ ಕೇಳಿದೆ, ಬೇಜಾರಿಲ್ದೆ ಹೇಳಿದ್ರು. ಚೆನ್ನಾಗಿರೋ ಕಿಡ್ನಿ ಜರಡಿ ಇದ್ದ ಹಾಗೆ, ಹೆಚ್ಚು ಕಮ್ಮಿ 6 ನ್ಯಾನೋಮೀಟರಿಗಿಂತ ಸಣ್ಣ ಕಣ ಮೂತ್ರಕ್ಕೆ ಇಳಿದು ಹೋಗುತ್ತೆ, ಅದಕ್ಕಿಂತ ದೊಡ್ಡದನ್ನ ಲಿವರ್, ಸ್ಪ್ಲೀನ್ ಹಿಡ್ಕೊಳುತ್ತೆ. ಕಿಡ್ನಿ ಕೆಟ್ಟಾಗ ಕೆಲಸ ಮಾಡೋ ಜರಡಿಗಳೇ ಕಮ್ಮಿ, ಹಾಗಾಗಿ ಹೋಗಬೇಕಿದ್ದ ಸಣ್ಣ ಕಣವೂ ರಕ್ತದಲ್ಲೇ ಸುತ್ತುತ್ತಿರುತ್ತೆ, ಇನ್ನೊಂದು ಕಡೆ ಉಳಿದ ಜರಡಿ ಹರಿದಿದ್ರೆ ತಡೀಬೇಕಿದ್ದ ಆಲ್ಬುಮಿನ್ ಥರದ ಪ್ರೋಟೀನ್ ಸೋರಿ ಹೋಗುತ್ತೆ, ಅಮ್ಮನಿಗೆ ಮೊದಮೊದಲು ಮೂತ್ರದಲ್ಲಿ ನೊರೆ ಬರ್ತಿದ್ದು ಅದೇ. ಐರನ್ ಕಣದ ಕಥೆ ಬೇರೆ, ಅದು ಮೂತ್ರದಲ್ಲಿ ಹೋಗೋದು ಬಲು ಕಮ್ಮಿ, ಡಯಾಲಿಸಿಸ್ ಮಿಷಿನ್ನೂ ತೆಗೆಯಲ್ಲ, ಬೇಕಾದ್ದು ರಕ್ತ ಆಗುತ್ತೆ, ಮಿಕ್ಕಿದ್ದು ಲಿವರಲ್ಲಿ ಕೂರುತ್ತೆ. ಟೆಸ್ಟ್ ಇಲ್ದೆ ಕೊಡಬಾರದು ಅನ್ನೋದು ಇದಕ್ಕೇ. ಇಂಜೆಕ್ಷನ್ ಆದ ಒಂದು ವಾರದೊಳಗೆ ಟೆಸ್ಟ್ ಮಾಡಿಸಿದ್ರೆ ಫೆರಿಟಿನ್ ಸುಮ್ನೆ ಜಾಸ್ತಿ ತೋರಿಸುತ್ತೆ, ಅದನ್ನೂ ಡೇಟ್ ನೋಡಿಯೇ ಬರೆದು ಕೊಡ್ತಾರೆ.

ನಮ್ಮ ಚಿಕ್ಕಪ್ಪ ಯಾರೋ ಹೇಳಿದ್ರು ಅಂತ ನ್ಯಾನೋ ಬೆಳ್ಳಿ ನೀರಿನ ಬಾಟ್ಲಿ ತಂದುಕೊಟ್ಟಿದ್ರು, ಡಾಕ್ಟರಿಗೆ ತೋರಿಸಿದೆ, ಒಂದು ಹನಿಯೂ ಬೇಡಮ್ಮಾ ಅಂದ್ರು. ಪಾಪ ಚಿಕ್ಕಪ್ಪನ ಮನಸ್ಸು ಒಳ್ಳೇದೇ, ಆದ್ರೂ ಬಾಟ್ಲಿ ಕಟ್ಟಿಟ್ಟೆ.

ಒಂದು ಸ್ಟಾರ್ ಕಡಿಮೆ ಯಾಕಂದ್ರೆ ಜೊತೆಗೆ ಬಂದೋರಿಗೆ ಕೂರೋಕೆ ಮೂರೇ ಕುರ್ಚಿ, ನಾಲ್ಕು ಗಂಟೆ ಮೆಟ್ಟಿಲ ಮೇಲೆ ಕೂತಿರಬೇಕು, ವಯಸ್ಸಾದೋರಿಗೆ ತುಂಬಾ ಕಷ್ಟ. ದಯವಿಟ್ಟು ಒಂದು ಬೆಂಚ್ ಹಾಕಿಸಿ.