ಹ್ಯಾಂಡ್‌ಬ್ರೇಕ್ ಹಿಡಿಯುತ್ತೆ ಅಂತ ನಂಬಿ ಹಳೇ ಜೀಪನ್ನು ಏರು ಹತ್ತಿಸಬೇಡಿ

ಹಳೇ ಜೀಪ್ ಇಟ್ಟುಕೊಂಡು ತೋಟದ ದಾರಿಯಲ್ಲಿ ಓಡಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಿಂದಿನ ಡ್ರಮ್ ಬ್ರೇಕ್ ಸತ್ತಿದ್ದು ನನಗೆ ತಿಂಗಳುಗಟ್ಟಲೆ ಗೊತ್ತೇ ಆಗಲಿಲ್ಲ. ಗೊತ್ತಾದ ದಿನ ಪಕ್ಕದ ಸೀಟಿನಲ್ಲಿ ಅಮ್ಮ ಕೂತಿದ್ದರು.

ನಮ್ಮದು ಮೂಡಿಗೆರೆ ಕಡೆ. ಗದ್ದೆ ಕೆಳಗೆ, ಮನೆ ಮೇಲೆ, ನಡುವೆ ಕಾಫಿ ತೋಟ. ಜೀಪ್ ನಾನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಫೋರ್ ವೀಲ್ ಡ್ರೈವ್. ಮೊದಲು ನಾಲ್ಕೂ ಚಕ್ರಕ್ಕೆ ಡ್ರಮ್ಮೇ ಇತ್ತಂತೆ. ಹಿಂದಿನ ಮಾಲೀಕರು ಮುಂದಿನ ಎರಡಕ್ಕೆ ಡಿಸ್ಕ್ ಹಾಕಿಸಿದ್ದರು. ಅದನ್ನು ಹೇಳಿಯೇ ನನ್ನ ಹತ್ತಿರ ಐದು ಸಾವಿರ ಜಾಸ್ತಿ ತಗೊಂಡರು.

ಆ ಡಿಸ್ಕೇ ನನ್ನ ಕಣ್ಣು ಕಟ್ಟಿತು. ಟಾರು ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಮುಂದಿನ ಚಕ್ರಗಳದ್ದೇ. ಹಿಂದಿನವು ಕೆಲಸ ಮಾಡದಿದ್ದರೂ ಗಾಡಿ ನಿಲ್ಲುತ್ತದೆ, ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ ಅಷ್ಟೇ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ ತನಕ ಎಷ್ಟೋ ಸಲ ಹೋಗಿ ಬಂದಿದ್ದೇನೆ. ಕೆಳಗೆ ತಲುಪುವಷ್ಟರಲ್ಲಿ ಮುಂದಿನ ಚಕ್ರದಿಂದ ಸುಟ್ಟ ವಾಸನೆ ಬರುತ್ತಿತ್ತು. ಘಾಟಿ ಅಲ್ವಾ, ಬಿಸಿಯಾಗಿರುತ್ತೆ ಅಂದುಕೊಂಡೆ. ಅವತ್ತು ಹಿಂದಿನ ಡ್ರಮ್ಮಿನ ಹತ್ತಿರ ಕೈ ಒಯ್ದು ನೋಡಿದ್ದರೆ ಸಾಕಿತ್ತು. ಮುಂದಿನದು ಕೆಂಡ, ಹಿಂದಿನದು ತಣ್ಣಗೆ ಅಂದರೆ ಹಿಂದೆ ಏನೂ ನಡೆಯುತ್ತಿಲ್ಲ ಅಂತಲೇ ಅರ್ಥ. (ಮುಟ್ಟಬೇಡಿ, ಹತ್ತಿರ ಒಯ್ದರೆ ಸಾಕು. ಬೊಬ್ಬೆ ಬರುತ್ತದೆ.)

ಪೆಡಲ್ ಸ್ವಲ್ಪ ಕೆಳಗೆ ಹೋಗುತ್ತಿದೆ ಅನ್ನಿಸಿ ಒಂದು ಗ್ಯಾರೇಜಿಗೆ ಹೋದೆ. ಬ್ರೇಕ್ ಪೈಪಿನ ಏರ್ ತೆಗೆದು, ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಶೂಗಳನ್ನು ಟೈಟ್ ಮಾಡಿ, 600 ರೂಪಾಯಿ ತಗೊಂಡರು. ಪೆಡಲ್ ಮೇಲೆ ಬಂತು. ಎರಡು ವಾರ ಖುಷಿಯಾಗಿದ್ದೆ. ಇನ್ನೊಂದು ಗ್ಯಾರೇಜಿನವರು, ಪೆಡಲ್ ಒತ್ತಿದಾಗ ಬ್ರೇಕ್ ಫ್ಲೂಯಿಡ್ ತಳ್ಳುವ ಮಾಸ್ಟರ್ ಸಿಲಿಂಡರ್ ಹೋಗಿದೆ ಅಂದರು. ಅದಕ್ಕೆ 4,200. ಡ್ರಮ್ ಬಿಚ್ಚಿ ನೋಡಿ ಅಂದಾಗ ಅಲ್ಲಿನ ಹುಡುಗ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೆಳಗಿಳಿದು ಕೈ ಕಟ್ಟಿ ನಿಂತ. "ನೋಡಿ ಸಾರ್, ಅಲ್ಲಾಡ್ತಾ ಇದೆಯಾ? ಹಿಂದಿನ ಬ್ರೇಕ್ ಕಲ್ಲು."

ನಾನೂ ತಲೆ ಅಲ್ಲಾಡಿಸಿದೆ. ಕಾರಿನಲ್ಲಾದರೆ ಅವನು ಹೇಳಿದ್ದು ಬಹುಮಟ್ಟಿಗೆ ಸರಿ. ಅಲ್ಲಿ ಸಾಮಾನ್ಯವಾಗಿ ಹ್ಯಾಂಡ್‌ಬ್ರೇಕ್ ಕೇಬಲ್ ಹಿಂದಿನ ಚಕ್ರದ ಶೂಗಳನ್ನೇ ಎಳೆಯುತ್ತದೆ. ಆದರೆ ತುಂಬಾ ಹಳೇ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕಿಗೆ ಬೇರೆಯೇ ಒಂದು ಸಣ್ಣ ಡ್ರಮ್ ಇರುತ್ತದೆ. ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ, ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಶುರುವಾಗುವ ಜಾಗದಲ್ಲಿ. ಲಿವರ್ ಎಳೆದರೆ ಹಿಡಿಯುವುದು ಶಾಫ್ಟನ್ನು. ಚಕ್ರದೊಳಗಿನ ಶೂಗೂ ಅದಕ್ಕೂ ಸಂಬಂಧವೇ ಇಲ್ಲ. ಹಿಂದಿನ ಎರಡೂ ಡ್ರಮ್ಮಿನೊಳಗೆ ಬೆಣ್ಣೆ ಮೆತ್ತಿಟ್ಟಿದ್ದರೂ ಆ ಪರೀಕ್ಷೆಯಲ್ಲಿ ನನ್ನ ಜೀಪ್ ಪಾಸಾಗುತ್ತಿತ್ತು. ನಿಮ್ಮ ಗಾಡಿಯದ್ದು ಯಾವ ತರಹದ್ದು ಅಂತ ಇವತ್ತೇ ಕೆಳಗೆ ಬಗ್ಗಿ ನೋಡಿ.

ಮಳೆಗಾಲ ಶುರುವಾಗಿ ವಾರವಾಗಿತ್ತು. ಹಿಂದೆ 50 ಕೆ.ಜಿ.ಯ ಆರು ಚೀಲ ಗೊಬ್ಬರ, ಪಕ್ಕದಲ್ಲಿ ಅಮ್ಮ. ಗದ್ದೆಯಿಂದ ಮನೆಗೆ ಬರುವ ಏರು, ಕೆಂಪು ಮಣ್ಣು, ಮೇಲೆ ಸಿಲ್ವರ್ ಓಕ್ ಮರದ ಎಲೆ ಬಿದ್ದು ಕೊಳೆತಿತ್ತು. ಫೋರ್ ವೀಲ್ ಹಾಕಿರಲಿಲ್ಲ. ಸೋಮಾರಿತನ, ಬೇರೇನಿಲ್ಲ. ಅರ್ಧ ಏರಿನಲ್ಲಿ ಇಂಜಿನ್ ಆಫ್ ಆಯಿತು. ಅಭ್ಯಾಸಬಲದಿಂದ ಕ್ಲಚ್, ಬ್ರೇಕ್ ಎರಡನ್ನೂ ಒತ್ತಿದೆ. ಕ್ಲಚ್ ಒತ್ತಿದ್ದು ಮೊದಲ ತಪ್ಪು. ಗೇರಿನಲ್ಲೇ ಬಿಟ್ಟಿದ್ದರೆ ನಿಂತ ಇಂಜಿನ್ನೇ ಹಿಂದಿನ ಚಕ್ರಗಳನ್ನು ಸ್ವಲ್ಪವಾದರೂ ಹಿಡಿಯುತ್ತಿತ್ತು.

ಪೆಡಲ್ ಗಟ್ಟಿಯಾಗಿತ್ತು, ಮೇಲೇ ಇತ್ತು. ಆದರೂ ಜೀಪ್ ಹಿಂದಕ್ಕೆ ಹೊರಟಿತು.

ಏರಿನಲ್ಲಿ ಎಲ್ಲಾ ಉಲ್ಟಾ. ಭಾರವೆಲ್ಲ ಹಿಂದಿನ ಚಕ್ರದ ಮೇಲೆ, ಮುಂದಿನದು ಹಗುರ. ಮುಂದಿನ ಡಿಸ್ಕ್ ಗಟ್ಟಿಯಾಗಿ ಹಿಡಿದಿತ್ತು, ಆದರೆ ಹಗುರಾದ ಚಕ್ರ ಕೆಸರಿನ ಮೇಲೆ ಸುಮ್ನೆ ಜಾರುತ್ತಿತ್ತು. ತಿರುಗದ ಚಕ್ರದಲ್ಲಿ ಸ್ಟೇರಿಂಗ್ ತಿರುಗಿಸಿದರೆ ಏನು ಪ್ರಯೋಜನ? ಭಾರ ಹೊತ್ತ ಹಿಂದಿನ ಚಕ್ರಗಳು ಬ್ರೇಕೇ ಇಲ್ಲದವರ ಹಾಗೆ ಉರುಳುತ್ತಿದ್ದವು. ಹ್ಯಾಂಡ್‌ಬ್ರೇಕ್ ಎಳೆದೆ. ಕೆಳಗೆ ಢಣ್ ಅಂತ ದೊಡ್ಡ ಸದ್ದು. ಎಡಗಡೆ ಹಿಂದಿನ ಚಕ್ರ ಚರಂಡಿಗೆ ಇಳಿಯಿತು, ಬಾಡಿ ಸಿಲ್ವರ್ ಮರಕ್ಕೆ ಒರಗಿ ನಿಂತಿತು. ಆ ಮರ ಇಲ್ಲದಿದ್ದರೆ ಆಚೆ ಇದ್ದದ್ದು ಹತ್ತಡಿ ಆಳದ ಧರೆ.

ಅಮ್ಮ ಕಿರುಚಲಿಲ್ಲ. "ಇಳೀಲೇನೋ?" ಅಂತ ಕೇಳಿದರು. ಅವತ್ತಿನಿಂದ ಆ ಏರು ಬಂದರೆ ಇಳಿದು ನಡೆದುಕೊಂಡೇ ಬರುತ್ತಾರೆ.

ಮೂರನೇ ಗ್ಯಾರೇಜಿನಲ್ಲಿ ಕೊನೆಗೂ ಡ್ರಮ್ ಬಿಚ್ಚಿದರು. ಎಡಗಡೆಯದು ತೆಗೆಯುತ್ತಿದ್ದ ಹಾಗೆ ಗಬ್ಬು ವಾಸನೆ. ಶೂ ಮೇಲಿನ ಲೈನಿಂಗ್ ಕಪ್ಪಗೆ, ಗಾಜಿನ ಹಾಗೆ ಹೊಳೆಯುತ್ತಿತ್ತು. ಬ್ರೇಕ್ ಪುಡಿ ಎಣ್ಣೆಯಲ್ಲಿ ಕಲಸಿ ರಾಗಿ ಅಂಬಲಿಯ ಹದಕ್ಕೆ ಬಂದಿತ್ತು. ಬಲಗಡೆಯೂ ಹಾಗೇ, ಸ್ವಲ್ಪ ಕಮ್ಮಿ.

ಇಲ್ಲಿ ಒಂದು ಮಾತು. ಡ್ರಮ್ಮಿನೊಳಗೆ ಒದ್ದೆ ಕಂಡ ತಕ್ಷಣ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಲೀಕ್ ಅಂತ ತೀರ್ಮಾನ ಮಾಡಬೇಡಿ. ಬ್ರೇಕ್ ಫ್ಲೂಯಿಡ್ ತೆಳ್ಳಗಿರುತ್ತದೆ, ನೀರು ಹಾಕಿದರೆ ಕಲೆತು ಹೋಗುತ್ತದೆ, ಬಿದ್ದ ಕಡೆ ಪೇಂಟ್ ಎಬ್ಬಿಸುತ್ತದೆ. ಅದು ಸೋರುತ್ತಿದ್ದರೆ ಮೇಲಿನ ಡಬ್ಬಿಯಲ್ಲಿ ಮಟ್ಟ ಇಳಿಯಲೇಬೇಕು. ಗೇರ್ ಆಯಿಲ್ ದಪ್ಪ, ಬೆರಳಿಗೆ ಅಂಟಿ ಜಾರುತ್ತದೆ, ನೀರಿಗೆ ಜಗ್ಗುವುದಿಲ್ಲ, ಗಂಧಕದ ಗಬ್ಬು ವಾಸನೆ ಎರಡು ದಿನ ಕೈ ಬಿಡುವುದಿಲ್ಲ. ನನ್ನ ಡಬ್ಬಿ ಯಾವತ್ತೂ ಇಳಿದಿರಲಿಲ್ಲ. ಅದಕ್ಕೇ ಹಿಂದಿನ ಇಬ್ಬರೂ ಲೀಕ್ ಇಲ್ಲ ಅಂದಿದ್ದು. ಲೀಕ್ ಇತ್ತು, ಬ್ರೇಕಿನದ್ದಲ್ಲ, ಹಿಂದಿನ ಆಕ್ಸಲಿನ ಗೇರುಗಳಿರುವ ಕ್ರೌನ್ ಹೌಸಿಂಗಿನದ್ದು. ಎಡ ಚಕ್ರದ ಒಳಮೈಯಲ್ಲಿ ಒಣಗದ ಕಪ್ಪು ಕಲೆ ನಾನು ತೊಳೆಯುವಾಗೆಲ್ಲ ನೋಡಿದ್ದೆ. ಕೆಸರು ಅಂದುಕೊಂಡಿದ್ದೆ.

ಆ ಗ್ಯಾರೇಜಿನವರು ಮಾಡಿದ ಕೆಲಸವನ್ನು ನೀವು ಮಾಡಿಸಬೇಡಿ. ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು, ಎಮರಿ ಪೇಪರ್ ಹೊಡೆದು, ಗೇರ್ ಆಯಿಲ್ ಹೊರಗೆ ಬರದಂತೆ ತಡೆಯುವ ಆಯಿಲ್ ಸೀಲ್ ಹೊಸದು ಹಾಕಿ, ಅದೇ ಶೂ ಮತ್ತೆ ಕೂರಿಸಿದರು. ನೋಡಲು ಹೊಸದರ ಹಾಗಿತ್ತು. ಲೈನಿಂಗ್ ಒಳಗೆ ಇಳಿದ ಎಣ್ಣೆ ತೊಳೆದರೆ ಹೋಗುವುದಿಲ್ಲ. ಬಿಸಿಯಾದಾಗ ಮತ್ತೆ ಮೇಲೆ ಬೆವರುತ್ತದೆ. ಎಣ್ಣೆ ಕುಡಿದ ಶೂ ಎಸೆಯಲೇಬೇಕು, ಒಂದು ಕಡೆ ಹಾಳಾದರೂ ಎರಡೂ ಕಡೆಯದನ್ನು ಬದಲಿಸಬೇಕು. ಇಲ್ಲದಿದ್ದರೆ ಬ್ರೇಕ್ ಒಂದೇ ಕಡೆಗೆ ಎಳೆಯುತ್ತದೆ. ಇನ್ನೊಂದು: ಡ್ರಮ್ಮಿನ ಪುಡಿಯನ್ನು ಗಾಳಿ ಹೊಡೆದು ಹಾರಿಸಲು ಬಿಡಬೇಡಿ. ಹಳೇ ಲೈನಿಂಗಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಎಸೆಯಿರಿ.

ಮೂರು ವಾರಕ್ಕೆ ಮತ್ತೆ ಅದೇ ಕಥೆ. ಸೀಲ್ ಹೊಸದು, ಆದರೂ ಡ್ರಮ್ಮಿನಲ್ಲಿ ಎಣ್ಣೆ. ಆಗ ಭಾವ ಸಕಲೇಶಪುರ ಕಡೆಯ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ಕರೆದುಕೊಂಡು ಹೋದರು. ಎಲ್ಲರೂ ಅವರನ್ನು ಮೇಸ್ತ್ರಿ ಅಂತಲೇ ಕರೆಯುವುದು. ಅವರು ಚಕ್ರ ಬಿಚ್ಚಲೇ ಇಲ್ಲ. ಗೋಣಿಚೀಲ ಹಾಸಿ ಕೆಳಗೆ ನುಸುಳಿ, ಹೌಸಿಂಗಿನ ಮೇಲಿದ್ದ ಮಣ್ಣನ್ನು ಸ್ಕ್ರೂಡ್ರೈವರಿನಿಂದ ಕೆತ್ತಿದರು. ಒಳಗಿನಿಂದ ಕಡಲೆಕಾಯಿ ಗಾತ್ರದ ಒಂದು ಟೋಪಿ ಸಿಕ್ಕಿತು. ಅದನ್ನು ಬಿಚ್ಚಿದಾಗ ಉಸ್ ಅಂತ ಗಾಳಿ ಬಂತು. ಇಪ್ಪತ್ತು ಮೈಲಿ ಓಡಿಸಿಕೊಂಡು ಬಂದಿದ್ದೆವು, ಹೌಸಿಂಗ್ ಬಿಸಿ ಇತ್ತು.

"ಗೌಡ್ರೇ, ಕುಕ್ಕರಿನ ವಿಸಲ್ ಕಟ್ಟಿದರೆ ಆವಿ ಎಲ್ಲಿಂದ ಬರುತ್ತೆ?"

"ಗ್ಯಾಸ್ಕೆಟ್ ಪಕ್ಕದಿಂದ."

"ಹೌದಲ್ವಾ. ಇದರ ಗ್ಯಾಸ್ಕೆಟ್ ಅಂದ್ರೆ ನಿಮ್ಮ ಸೀಲು. ನೀವು ಸೀಲಿನ ಮೇಲೆ ಸೀಲು ಹಾಕಿಸ್ತಾ ಕೂತಿದ್ದೀರಿ."

ಆ ಟೋಪಿಯ ಹೆಸರು ಬ್ರೀದರ್. ಗಾಡಿ ಓಡಿದಾಗ ಹೌಸಿಂಗಿನೊಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ಅದು ಹೊರಗೆ ಹೋಗುವ ದಾರಿ ಇದು. ಕೆಸರು ಮೆತ್ತಿ ಈ ದಾರಿ ಮುಚ್ಚಿದರೆ ಒತ್ತಡ ಆಯಿಲನ್ನು ಆಕ್ಸಲ್ ಸೀಲಿನ ಪಕ್ಕದಿಂದ ತಳ್ಳುತ್ತದೆ, ಮತ್ತು ಸೀಲಿನ ಆಚೆಗೇ ಬ್ರೇಕ್ ಡ್ರಮ್ ಇರುವುದು. ಹಳ್ಳ ದಾಟುವವರಿಗೆ ಇದರ ಉಲ್ಟಾ ಕಾಟವೂ ಇದೆ. ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಅದೇ ಸೀಲಿನಿಂದ ನೀರು ಎಳೆದುಕೊಳ್ಳುತ್ತದೆ. ಮೇಸ್ತ್ರಿ ಡ್ರೈನ್ ಪ್ಲಗ್ ಬಿಚ್ಚಿದಾಗ ಬಂದದ್ದು ಆಯಿಲಲ್ಲ, ಹಾಲು ಜಾಸ್ತಿಯಾದ ಕಾಫಿ.

ಸೀಲ್ ಹಾಕುವ ಮೊದಲು ಅವರು ಆಕ್ಸಲ್ ಶಾಫ್ಟಿನ ಮೇಲೆ, ಸೀಲ್ ಕೂರುವ ಜಾಗದಲ್ಲಿ, ಹೆಬ್ಬೆರಳಿನ ಉಗುರು ಎಳೆದು ನೋಡಿದರು. ಉಗುರು ಸಿಕ್ಕಿಕೊಂಡರೆ ಅಲ್ಲಿ ಗೆರೆ ಬಿದ್ದಿದೆ ಅಂತ. ಆಮೇಲೆ ಎಷ್ಟು ಒಳ್ಳೇ ಸೀಲ್ ಹಾಕಿದರೂ ನಿಲ್ಲುವುದಿಲ್ಲ. ಬೇರಿಂಗ್ ಆಟ ಇದೆಯಾ ಅಂತ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರು. ನನ್ನದರಲ್ಲಿ ಎರಡೂ ಸರಿ ಇತ್ತು. ಹೊಸ ಸೀಲ್, ಹೊಸ ಶೂ ಎರಡೂ ಕಡೆ, ಹೊಸ ಆಯಿಲ್. ಆಯಿಲ್ ತುಂಬಿಸುವ ತೂತಿನ ಕೆಳ ಅಂಚಿನ ತನಕ ಮಾತ್ರ, ಅದಕ್ಕಿಂತ ಜಾಸ್ತಿ ಹಾಕಿದರೂ ಸೀಲಿಗೇ ಕಷ್ಟ. ಬ್ರೀದರ್ ಜಾಗಕ್ಕೆ ಒಂದು ನಿಪ್ಪಲ್ ಹಾಕಿ, ರಬ್ಬರ್ ಪೈಪನ್ನು ಚಾಸಿಯ ಮೇಲೆ ಎತ್ತರಕ್ಕೆ ಒಯ್ದು, ತುದಿ ಕೆಳಮುಖ ಮಾಡಿ ಕಟ್ಟಿದರು. ಆ ಪೈಪಿನ ಕೆಲಸಕ್ಕೆ ಮಾತ್ರ ಲೆಕ್ಕ ಹಾಕಿದರೆ 150 ರೂಪಾಯಿ. ಅದಕ್ಕೂ ಮುಂಚೆ ನಾನು ಕಳೆದದ್ದು ಬಾಡಿ ಕೆಲಸ ಸೇರಿ 18 ಸಾವಿರ.

ಶೂ ಟೈಟ್ ಮಾಡುವ ಕ್ರಮವನ್ನೂ ಅಲ್ಲೇ ಸರಿಯಾಗಿ ನೋಡಿದೆ. ಚಕ್ರ ಕೈಗೆ ತಿರುಗದಷ್ಟು ಅಡ್ಜಸ್ಟರ್ ಬಿಗಿ ಮಾಡಿ, ಪೆಡಲ್ ಒಮ್ಮೆ ಜೋರಾಗಿ ಒತ್ತಿಸಿ ಶೂ ನಡುವಿಗೆ ಕೂರಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಸಡಿಲ ಬಿಡಬೇಕು. ಚಕ್ರ ತಿರುಗುವಾಗ ಸಣ್ಣಗೆ ಸರಸರ ಸದ್ದು ಬಂದರೆ ಸಾಕು. ಆಮೇಲೆ ಒಬ್ಬರು ಪೆಡಲ್ ಒತ್ತಿ ಹಿಡಿಯುವುದು, ಇನ್ನೊಬ್ಬರು ಚಕ್ರ ತಿರುಗಿಸಲು ನೋಡುವುದು. ಎರಡೂ ಹಿಂದಿನ ಚಕ್ರ ಒಂದೇ ತರಹ ಕಚ್ಚಬೇಕು. ಡ್ರಮ್ಮಿನಲ್ಲಿ ಎಣ್ಣೆ ಇಲ್ಲದೆಯೂ ಎರಡೂ ಕಡೆ ಕಚ್ಚದಿದ್ದರೆ ಆಕ್ಸಲಿಗೆ ಬರುವ ರಬ್ಬರ್ ಹೋಸ್ ನೋಡಿ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿ ಮುಚ್ಚಿಕೊಂಡಿರುತ್ತದೆ.

ಈ ಪರೀಕ್ಷೆ ಮನೆಯಲ್ಲಿ ಮಾಡುವುದಾದರೆ ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಕೊಟ್ಟೇ ಜಾಕ್ ಹಾಕಿ, ಕೆಳಗೆ ಸ್ಟ್ಯಾಂಡ್ ಇಡಿ. ಶಾಫ್ಟ್ ಮೇಲಿನ ಹ್ಯಾಂಡ್‌ಬ್ರೇಕ್ ಇರುವ ಗಾಡಿಯಲ್ಲಿ ಹಿಂದಿನ ಒಂದು ಚಕ್ರ ನೆಲ ಬಿಟ್ಟರೆ ಆ ಬ್ರೇಕ್ ಇದ್ದೂ ಇಲ್ಲದ ಹಾಗೆ. ಶಾಫ್ಟ್ ಹಿಡಿದಿದ್ದರೂ, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಮೂಲಕ ಎತ್ತಿದ ಚಕ್ರ ಒಂದು ಕಡೆಗೆ, ನೆಲದ ಮೇಲಿನದು ಇನ್ನೊಂದು ಕಡೆಗೆ ತಿರುಗಿ ಗಾಡಿ ಉರುಳುತ್ತದೆ. ನಮ್ಮ ಶೆಡ್ಡಿನಲ್ಲಿ ನಾನೇ ಒಮ್ಮೆ ಜಾಕ್ ಮೇಲಿಂದ ಬೀಳಿಸಿದ್ದೇನೆ. ಯಾರೂ ಕೆಳಗಿರಲಿಲ್ಲ.

ಈಗ ಆರು ತಿಂಗಳಾಯಿತು. ಹೋದ ಭಾನುವಾರ ಎಡಗಡೆ ಡ್ರಮ್ ಬಿಚ್ಚಿ ನೋಡಿದೆ, ಒಳಗೆ ಒಣ ಪುಡಿ. ಆದರೆ ಗೇರ್ ಹಾಕಿ ಕ್ಲಚ್ ಬಿಟ್ಟಾಗೆಲ್ಲ ಕೆಳಗೆ ಒಂದು ಟಕ್ ಸದ್ದು ಬರುತ್ತಿದೆ. ಅವತ್ತು ಉರುಳುವ ಗಾಡಿಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದಾಗಿನ ಏಟು ಪೂರ್ತಿ ಪ್ರೊಪೆಲ್ಲರ್ ಶಾಫ್ಟಿನ ಕೀಲಾದ ಕ್ರಾಸಿಗೆ ಬಿದ್ದಿತ್ತು. ಮೇಸ್ತ್ರಿ ಗಾಡಿ ತಗೊಂಡು ಬಾ ಅಂದಿದ್ದಾರೆ. ಅಲ್ಲಿಯ ತನಕ ಗೊಬ್ಬರ ಟ್ರ್ಯಾಕ್ಟರಿನಲ್ಲಿ.