485 ಕನ್ವರ್ಟರ್: 300 ರೂಪಾಯಿಯದು ಸಾಕೇ, 2,500ರದು ಬೇಕೇ?

ಲ್ಯಾಪ್‌ಟಾಪಿನ ಯುಎಸ್‌ಬಿಯನ್ನು ಆರ್‌ಎಸ್-485 ಎಂಬ ತಂತಿ ಸಂಪರ್ಕಕ್ಕೆ ಜೋಡಿಸುವ ಸಾಧನವೇ 485 ಕನ್ವರ್ಟರ್. ನನ್ನ ಮತ ಐಸೊಲೇಷನ್ (ಎರಡು ಬದಿಗಳ ವಿದ್ಯುತ್ತನ್ನು ಬೇರೆಯಾಗಿಡುವ ವ್ಯವಸ್ಥೆ) ಇರುವ ದುಬಾರಿ ಕನ್ವರ್ಟರಿಗೇ. ಹೊಸ ಪಿಎಲ್‌ಸಿಗಳಲ್ಲಿ (ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರುಗಳಲ್ಲಿ) ಸಾಮಾನ್ಯವಾಗಿ ಈಥರ್‌ನೆಟ್ ಇರುವುದರಿಂದ ಅಲ್ಲಿ ಈ ಮಾತೇ ಬರುವುದಿಲ್ಲ. ಆದರೆ ಮಂಡ್ಯದ ಕಡೆ ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಹೋದಾಗ ನನಗೆ ಸಿಕ್ಕಿದ್ದು ಮೋಟಾರಿನ ವೇಗ ನಿಯಂತ್ರಿಸುವ ಹಳೆಯ ಡ್ರೈವ್‌ಗಳು. ಅವುಗಳೊಂದಿಗೆ ಮಾತನಾಡಲು ಆರ್‌ಎಸ್-485 ಒಂದೇ ದಾರಿ.

ಅಗ್ಗದ ಕನ್ವರ್ಟರ್ ಮೈಸೂರಿನ ಹೆಬ್ಬಾಳದ ಕಚೇರಿಯಲ್ಲಿ, ಮೇಜಿನ ಮೇಲೆ, ತಕರಾರಿಲ್ಲದೆ ನಡೆಯಿತು. ಕಾರ್ಖಾನೆಯ ಪ್ಯಾನೆಲ್‌ಗೆ ಜೋಡಿಸಿದಾಗಲೂ ನಡೆಯಿತು, ಮೋಟಾರು ನಿಂತಿರುವ ತನಕ! ಡ್ರೈವ್‌ಗೆ ರನ್ ಕೊಟ್ಟರೆ ಸಾಕು, ಪರದೆಯ ಮೇಲಿನ ಅಂಕಿಗಳು ಇದ್ದಲ್ಲೇ ನಿಂತು, ಕಾಮ್ ಪೋರ್ಟ್ (ಲ್ಯಾಪ್‌ಟಾಪ್ ಕನ್ವರ್ಟರನ್ನು ಗುರುತಿಸುವ ಹೆಸರು) ಇಲ್ಲವೆಂಬ ಸಂದೇಶ. ಕೇಬಲ್ ಕಿತ್ತು ಮತ್ತೆ ಚುಚ್ಚಬೇಕು, ಸಾಫ್ಟ್‌ವೇರ್ ಮುಚ್ಚಿ ತೆರೆಯಬೇಕು, ಪೋರ್ಟ್ ಸಂಖ್ಯೆ ಬದಲಾಗಿದ್ದರೆ ಅದನ್ನೂ ತಿದ್ದಬೇಕು. ಅಷ್ಟರಲ್ಲಿ ನಾನು ಹಿಡಿಯಬೇಕಿದ್ದ ದೋಷ ಬಂದು ಹೋಗಿರುತ್ತದೆ. ಬೆನ್ನ ಹಿಂದೆ ನಿಂತ ಶಿಫ್ಟ್ ಇನ್‌ಚಾರ್ಜ್, “ಪ್ರೋಗ್ರಾಮ್ ಸರಿಯಾಗಿದೆ ತಾನೇ ಸಾರ್?” ಎನ್ನುತ್ತಾರೆ.

ಪ್ರೋಗ್ರಾಮ್ ಸರಿಯಾಗಿಯೇ ಇತ್ತು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೊಡನೆ ಕಾಟ ಬಹುಪಾಲು ನಿಂತಿತು. ಮೂರು ಪಿನ್ನಿನ ಚಾರ್ಜರ್ ಮೂಲಕ ಲ್ಯಾಪ್‌ಟಾಪ್ ಒಂದು ಕಡೆ ಅರ್ಥ್ ಆಗಿರುತ್ತದೆ, ಕೇಬಲ್ ಮೂಲಕ ಪ್ಯಾನೆಲ್ಲಿನ ಅರ್ಥ್‌ಗೂ ಸೇರಿಕೊಳ್ಳುತ್ತದೆ. ಡ್ರೈವ್ ಒಳಗಿನ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಸಾವಿರಾರು ಬಾರಿ ಆನ್ ಆಫ್ ಆಗುವಾಗ ಹುಟ್ಟುವ ನಾಯ್ಸ್ (ವಿದ್ಯುತ್ ಗದ್ದಲ) ಈ ಸುತ್ತಿನಲ್ಲಿ ಹರಿದು ನೇರ ಯುಎಸ್‌ಬಿಗೆ ಬಂದು ಹೊಡೆಯುತ್ತದೆ. ಬ್ಯಾಟರಿಯಲ್ಲೇ ಕೆಲಸ ಮಾಡಬಹುದಿತ್ತಲ್ಲ ಎನ್ನಬಹುದು. ನನ್ನ ಹಳೆಯ ಲ್ಯಾಪ್‌ಟಾಪಿಗೆ ಚಾರ್ಜರೇ ಊರುಗೋಲು.

ಐಸೊಲೇಷನ್ ಇರುವುದರಲ್ಲಿ ಎರಡು ಬದಿಗಳಿಗೂ ತಾಮ್ರದ ಸಂಬಂಧವೇ ಇಲ್ಲ; ಸಂಕೇತ ಮಾತ್ರ ದಾಟುತ್ತದೆ, ವಿದ್ಯುತ್ತಿಗೂ ಒಳಗೆ ಪ್ರತ್ಯೇಕ ಪೂರೈಕೆ. ಅದೇ ಪ್ಯಾನೆಲ್, ಅದೇ ಡ್ರೈವ್, ಚಾರ್ಜರ್ ಚುಚ್ಚಿಯೇ ಇತ್ತು. ಮೋಟಾರು ಪೂರ್ತಿ ವೇಗಕ್ಕೆ ಏರಿದರೂ ಅಂಕಿಗಳು ಓಡುತ್ತಲೇ ಇದ್ದವು.

485ರ ಎ, ಬಿ ಎಂಬ ಎರಡು ತಂತಿಗಳಲ್ಲಿ ಯಾವುದು ಎಲ್ಲಿಗೆ ಎಂಬ ಗೊಂದಲ ಎರಡು ಕನ್ವರ್ಟರುಗಳಲ್ಲೂ ಒಂದೇ: ಉತ್ತರ ಬಾರದಿದ್ದರೆ ಅದಲುಬದಲು ಮಾಡಿ ನೋಡುವುದು. ಸಂಕೇತ ಹಿಂದಕ್ಕೆ ಪುಟಿಯದಂತೆ ತಂತಿಯ ಕೊನೆಯಲ್ಲಿ ಹಾಕುವ 120 ಓಮ್ ರೆಸಿಸ್ಟರಿಗೆ ದುಬಾರಿಯದರಲ್ಲಿ ಸ್ವಿಚ್ ಇದೆ, ಅಗ್ಗದ್ದರಲ್ಲಿ ಸ್ಕ್ರೂ ಕೆಳಗೆ ನಾವೇ ಸಿಕ್ಕಿಸಬೇಕು.

ಕಲಿಯುವವರು, ಕಚೇರಿಯಲ್ಲೇ ಪರೀಕ್ಷೆ ಮಾಡುವವರು 2,500 ರೂಪಾಯಿ ಸುರಿಯಬೇಕಿಲ್ಲ. ನನ್ನ ಅಗ್ಗದ ಕನ್ವರ್ಟರೂ ಈಗ ಆ ಕೆಲಸಕ್ಕೇ ಇದೆ. ಡ್ರೈವ್ ಓಡುತ್ತಿರುವಾಗಲೇ ಆನ್‌ಲೈನ್ ಇರಬೇಕಾದವರು ಮಾತ್ರ ದುಬಾರಿಯದನ್ನೇ ಕೊಳ್ಳಲಿ. ಬಿಲ್ಲನ್ನು ಕಂಪನಿ ಕೊಡದಿದ್ದರೂ ನಾನಂತೂ ಅದನ್ನೇ ಕೊಳ್ಳುತ್ತಿದ್ದೆ.