ದಿನದ ಕೆಲಸಕ್ಕೆ ಆ್ಯಪ್, ಪ್ಲಾನರ್, ಗೋಡೆ ಕ್ಯಾಲೆಂಡರ್: ನನಗೆ ಒಗ್ಗಿದ್ದು ಯಾವುದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗೋಡೆ ಕ್ಯಾಲೆಂಡರಿಗೆ. ಅದರ ಪಕ್ಕ ಅಂಟಿಸಿದ 15 ಸಾಲಿನ ಹಾಳೆಗೆ. ಇದು ಹೊಳೆಯುವ ಮೊದಲು ಒಂದು ಆ್ಯಪಿಗೆ ವರ್ಷದ ಚಂದಾ 1,200 ರೂಪಾಯಿ ಕಟ್ಟಿದ್ದೆ. 450 ಕೊಟ್ಟು ಪ್ಲಾನರ್ ಪುಸ್ತಕವನ್ನೂ ತಂದಿದ್ದೆ.

ನಮ್ಮ ಮನೆ ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆಯ ದಂಡೆಯಲ್ಲಿ. ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಸಮುದ್ರದ ಇಳಿತಕ್ಕೆ ಹೊಳೆಯ ನೀರೂ ಇಳಿದ ಹೊತ್ತಿಗೆ ಅತ್ತೆಯ ಜೊತೆ ಬಳಚು, ಅಂದರೆ ಚಿಪ್ಪುಮೀನು, ಆರಿಸಲು ಹೋಗುತ್ತೇನೆ. ತೊಂದರೆ ಶುರುವಾಗಿದ್ದು ಇಲ್ಲೇ.

ಏಳುವುದು ಎಷ್ಟಕ್ಕೆ, ಮಗಳ ಶಾಲೆ ಎಷ್ಟಕ್ಕೆ ಎಂದೆಲ್ಲ ಕೇಳಿ ಆ್ಯಪ್ ಚೆಂದದ ವೇಳಾಪಟ್ಟಿ ಮಾಡಿಕೊಟ್ಟಿತು. ಬಳಚಿಗೆ ಬೆಳಿಗ್ಗೆ 9 ಎಂದು ಹಾಕಿದೆ. ಆದರೆ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು 9ಕ್ಕೆ ಇದ್ದರೆ ನಾಳೆ 9:50, ವಾರ ಕಳೆದರೆ ಮಧ್ಯಾಹ್ನ 3ರ ಹತ್ತಿರ. ಆ್ಯಪಿನಲ್ಲಿ ದಿನಾ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಎಂದು ಮಾತ್ರ ಇತ್ತು.

ದಿನಾ ಕೈಯಿಂದಲೇ ಬದಲಿಸಿದೆ. ಬಳಚನ್ನು 11ಕ್ಕೆ ತಳ್ಳಿದರೆ ಅಡುಗೆಯೂ ಅಲ್ಲೇ ಇರುತ್ತಿತ್ತು. ಒಮ್ಮೆ ಮೂರು ದಿನ ಬದಲಿಸಲು ಆಗಲಿಲ್ಲ. ಅಲಾರಂ ಹೊಡೆಯಿತೆಂದು ಬುಟ್ಟಿ ಹಿಡಿದು ಹೋದರೆ ಹೊಳೆಯಲ್ಲಿ ಇನ್ನೂ ನೀರು. ಎರಡು ಗಂಟೆ ದಂಡೆಯಲ್ಲೇ ಕೂತೆವು. ಅವತ್ತು ಕೊಡಬೇಕಿದ್ದ ಎರಡು ಬ್ಲೌಸು ಹಾಗೇ ಉಳಿದವು. ಅತ್ತೆ ಒಂದು ಮಾತೂ ಆಡಲಿಲ್ಲ, ನನಗೇ ಅಳು ಬಂತು.

ಪ್ಲಾನರ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಒದ್ದೆ ಕೈಯಲ್ಲಿ ಮುಟ್ಟುವ ಹಾಗಿಲ್ಲ, ಮಳೆಗಾಲಕ್ಕೆ ಬೂಸಲು ಹಿಡಿಯಿತು.

ದಾರಿ ತೋರಿಸಿದ್ದು ಅತ್ತೆಯೇ. ಅವರು ನೋಡುವುದು ತಿಥಿ. ದಿನಕ್ಕೆ ಎರಡು ಗಳಿಗೆ ತಡ, ಅದು ಅವರ ಲೆಕ್ಕ. ಗಳಿಗೆಗೆ 24 ನಿಮಿಷ, ಎರಡಕ್ಕೆ 48. ನಾನು ಆ್ಯಪಿನಲ್ಲಿ ಹುಡುಕುತ್ತಿದ್ದದ್ದು ಇದೇ ಅಲ್ವಾ! ಶುಕ್ಲ ಪಂಚಮಿಗೆ ಎಷ್ಟೊತ್ತಿಗೆ ಇಳಿತವೋ, ಕೃಷ್ಣ ಪಂಚಮಿಗೂ ಹೆಚ್ಚುಕಡಿಮೆ ಅಷ್ಟೊತ್ತಿಗೇ. ಹಾಗಾಗಿ ನನಗೆ ಬೇಕಿದ್ದದ್ದು 15 ತಿಥಿಯ ವೇಳಾಪಟ್ಟಿ.

ಪಾಡ್ಯದಿಂದ 15 ಸಾಲು ಎಳೆದೆ. ಮೊದಲು ಇಳಿತದ ಹೊತ್ತು ಬರೆದು, ಉಳಿದ ಕೆಲಸ ಅದರ ಆಚೀಚೆ ಹೊಂದಿಸಿದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನೀರು ತುಂಬಾ ಇಳಿಯುತ್ತದೆ, ಆಗ ಹೊಳೆಯ ಕೆಲಸ ಜಾಸ್ತಿ. ಅಷ್ಟಮಿಯ ಹೊತ್ತಿಗೆ ಅಷ್ಟಾಗಿ ಇಳಿಯುವುದಿಲ್ಲ. ಬಟ್ಟೆ ಕೊಡುವ ದಿನವನ್ನು ಗಿರಾಕಿಗಳಿಗೆ ಈಗ ಅದನ್ನು ನೋಡಿಯೇ ಹೇಳುತ್ತೇನೆ.

ಇದರಲ್ಲಿ ಅಲಾರಂ ಇಲ್ಲ. ಹೊತ್ತು ಅರ್ಧ ಗಂಟೆ ಆಚೀಚೆ ಆಗುತ್ತದೆ. ಕ್ಯಾಲೆಂಡರಿನಲ್ಲಿ ಒಂದು ತಿಥಿ ಹಾರಿದ ದಿನ ಅತ್ತೆಯನ್ನೇ ಕೇಳಬೇಕು. ಆಫೀಸಿಗೆ ಹೋಗುವವರಿಗೆ ಆ್ಯಪೇ ಸುಲಭ. ನನಗೆ ಕ್ಯಾಲೆಂಡರನ್ನು ಸೊಸೈಟಿಯವರು ಸುಮ್ನೆ ಕೊಟ್ಟಿದ್ದು, ಹಾಳೆ ಮಗಳ ಹಳೇ ನೋಟ್‌ಬುಕ್ಕಿನಿಂದ ಕಿತ್ತಿದ್ದು. ಆ್ಯಪಿನ ಚಂದಾ ಈ ಸಲ ಕಟ್ಟುವುದಿಲ್ಲ.